ಹೊಣೆಯೆಂಬ ಎರಡಕ್ಷರ

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಕೇಳದ ಕಿವಿ ಕನ್ನಡ ನಾಡಿನಲ್ಲಿ ಇರಲಾರದು. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಗೆ ಈ ಮಾತನ್ನೇ ಹೆಸರಾಗಿ ಇಟ್ಟರು. ಬಿತ್ತಿದವನೇ ಬೆಳೆಯನ್ನು ಕೊಯ್ಯಬೇಕು, ಮಾಡಿದವನೇ ಫಲವನ್ನು ಉಣ್ಣಬೇಕು ಎಂಬುದು ಇದರ ತಾತ್ಪರ್ಯ. ಕೇಳುವವರಿಗೆ ಈ ಗಾದೆಯಲ್ಲಿ ಎಚ್ಚರಿಕೆಯೊಡನೆ ಒಂದು ಸಮಾಧಾನವೂ ಇದೆ. ಲೋಕದ ಲೆಕ್ಕವನ್ನು ಯಾರೋ ತಪ್ಪಿಲ್ಲದೆ ಬರೆಯುತ್ತಿದ್ದಾರೆ, ಅನ್ಯಾಯ ಮಾಡಿದವನು ಒಂದಲ್ಲ ಒಂದು ದಿನ ಅನುಭವಿಸಿಯೇ ತೀರುತ್ತಾನೆ ಎಂಬ ಸಮಾಧಾನ ಅದು.

ಆದರೆ ಇದೇ ಜನತೆ ಇನ್ನೊಂದು ಗಾದೆಯನ್ನೂ ಕಟ್ಟಿದೆ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ’ ಎಂಬುದು ಆ ಗಾದೆ. ಮೊದಲನೆಯದು ಧರ್ಮದ ಮಾತಾದರೆ ಎರಡನೆಯದು ಅನುಭವದ ಮಾತು. ಮಾಡುವವನು ಒಬ್ಬ, ಉಣ್ಣುವವನು ಮತ್ತೊಬ್ಬ ಎಂಬುದನ್ನು ಲೋಕದಲ್ಲಿ ನಿತ್ಯವೂ ಕಾಣುತ್ತೇವೆ. ಇರಬೇಕಾದ ಸ್ಥಿತಿಗೂ ಇರುವ ಸ್ಥಿತಿಗೂ ನಡುವಣ ಈ ಕಂದರವು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಅದನ್ನು ಮುಚ್ಚಲು ಮನುಷ್ಯನು ಮಾಡುವ ಪ್ರಯತ್ನಕ್ಕೆ ಕನ್ನಡವು ಕೊಟ್ಟಿರುವ ಹೆಸರು ‘ಹೊಣೆ’. ಎರಡೇ ಅಕ್ಷರದ ಈ ಪದವು ಸಭೆಗಳ ಭಾಷಣಗಳಲ್ಲಿಯೂ ಪತ್ರವ್ಯವಹಾರದಲ್ಲಿಯೂ ಬಳಸಿ ಬಳಸಿ ಸವೆದುಹೋಗಿದೆ. ಸವೆದ ನಾಣ್ಯದ ಮುದ್ರೆಯನ್ನು ಓದಲು ಅದನ್ನು ಬೆಳಕಿಗೆ ಹಿಡಿಯಬೇಕಾಗುವಂತೆ, ಈ ಪದದ ಅರ್ಥವನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡುವುದು ಉಚಿತವಾಗಿದೆ.

ಪದದ ಒಡಲು

‘ಹೊಣೆ’ ಎಂಬುದರ ಹಳಗನ್ನಡ ರೂಪ ‘ಪೊಣೆ’. ಪಾಲ್ ಹಾಲಾದಂತೆ, ಪೂ ಹೂವಾದಂತೆ, ಪೊಣೆಯು ಹೊಣೆಯಾಯಿತು. ಇದರ ಮೂಲಾರ್ಥ ಜಾಮೀನು. ಒಬ್ಬನು ಸಾಲ ಪಡೆಯುವಾಗ ಮತ್ತೊಬ್ಬನು ಮುಂದೆ ಬಂದು, ‘ಇವನು ಕೊಡದಿದ್ದರೆ ನಾನು ಕೊಡುತ್ತೇನೆ’ ಎಂದು ನಿಲ್ಲುವುದೇ ಹೊಣೆ. ಹಾಗೆ ನಿಂತವನು ಹೊಣೆಗಾರ. ಸೋದರಭಾಷೆಯಾದ ತಮಿಳಿನಲ್ಲಿ ಇದೇ ಮೂಲದ ‘ಪುಣೈ’ ಎಂಬ ಪದಕ್ಕೆ ಜಾಮೀನು ಎಂಬ ಅರ್ಥದೊಡನೆ ತೆಪ್ಪ ಎಂಬ ಅರ್ಥವೂ ಇದೆ. ಮುಳುಗುವವನನ್ನು ದಡ ಮುಟ್ಟಿಸುವ ತೆಪ್ಪಕ್ಕೂ ಸಾಲದಲ್ಲಿ ಸಿಲುಕಿದವನ ಬೆಂಬಲಕ್ಕೆ ನಿಲ್ಲುವ ಹೊಣೆಗೂ ಇರುವ ಹೋಲಿಕೆ ಮನೋಹರವಾದದ್ದು.

ಇದೇ ಅರ್ಥದಲ್ಲಿ ನಾವು ಬಳಸುವ ‘ಜವಾಬ್ದಾರಿ’ಯು ಪಾರಸಿಯ ದಾರಿಯಿಂದ ಕನ್ನಡಕ್ಕೆ ಬಂದ ಪದ. ‘ಜವಾಬು’ ಎಂದರೆ ಉತ್ತರ. ಕೇಳಿದಾಗ ಉತ್ತರ ಕೊಡಬೇಕಾದವನು ಜವಾಬ್ದಾರ. ಈ ಎರಡು ಪದಗಳನ್ನು ನಾವು ಭೇದವಿಲ್ಲದೆ ಬಳಸುತ್ತೇವೆ. ಆದರೂ ಇವುಗಳ ನಡುವೆ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಜವಾಬು ಕಾರ್ಯವಾದ ಮೇಲೆ ಬರುತ್ತದೆ, ಅದೂ ಯಾರಾದರೂ ಕೇಳಿದರೆ. ಹೊಣೆಯಾದರೋ ಕಾರ್ಯಕ್ಕಿಂತ ಮೊದಲೇ ಹುಟ್ಟುತ್ತದೆ. ಕೇಳುವವರು ಇರಲಿ ಇಲ್ಲದಿರಲಿ, ಕೊಟ್ಟ ಮಾತಿಗೆ ಅದು ಕಟ್ಟುಬಿದ್ದಿರುತ್ತದೆ. ಕೇಳುವವರೇ ಇಲ್ಲದ ಕಡೆ ಜವಾಬು ಸತ್ತುಹೋಗುತ್ತದೆ, ಹೊಣೆ ಸಾಯುವುದಿಲ್ಲ. ಕೆಡುಕನ್ನುಂಡವನು ಬಡವನಾಗಿರಬಹುದು, ದೂರದ ಊರಿನವನಾಗಿರಬಹುದು, ಇನ್ನೂ ಹುಟ್ಟದ ಮಗುವಾಗಿರಬಹುದು. ಅಂಥವರು ಬಂದು ಪ್ರಶ್ನೆ ಕೇಳಲಾರರು. ಅವರ ವಿಷಯದಲ್ಲಿ ಉಳಿಯುವುದು ಹೊಣೆಯೊಂದೇ.

ಮೂರು ಬಗೆಯ ಹೊಣೆ

ಹೊಣೆಯ ಸ್ವರೂಪವನ್ನು ಶಾಸ್ತ್ರೀಯವಾಗಿ ವಿಂಗಡಿಸಿದ ಗ್ರಂಥವೊಂದು ಕನ್ನಡ ನಾಡಿನಲ್ಲಿಯೇ ರಚಿತವಾದದ್ದು ನಮ್ಮ ಹೆಮ್ಮೆ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣಪಟ್ಟಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಶರಣರ ಪಾದಸ್ಪರ್ಶದಿಂದ ಪುನೀತವಾಗುವುದಕ್ಕೆ ಕೆಲವು ದಶಕಗಳ ಮೊದಲೇ ಕಲ್ಯಾಣವು ನ್ಯಾಯವಿಚಾರದ ಕೇಂದ್ರವಾಗಿತ್ತು. ಆ ಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಭಾಗಗಳಿವೆ. ವ್ಯವಹಾರ ಭಾಗದಲ್ಲಿ ಹೊಣೆಗಾರನನ್ನು ‘ಪ್ರತಿಭೂ’ ಎಂದು ಕರೆದು, ಅವನ ಕಾರ್ಯವನ್ನು ಮೂರು ವಿಧವಾಗಿ ವಿಂಗಡಿಸಲಾಗಿದೆ.

ಮೊದಲನೆಯದು ದರ್ಶನದ ಹೊಣೆ. ಸಾಲಗಾರನು ಓಡಿಹೋಗದಂತೆ ನೋಡಿಕೊಂಡು, ಕರೆದಾಗ ಅವನನ್ನು ಎದುರಿಗೆ ತಂದು ನಿಲ್ಲಿಸುವುದು ಇದು. ಎರಡನೆಯದು ಪ್ರತ್ಯಯದ ಹೊಣೆ. ‘ಈತನು ನಂಬಿಕೆಗೆ ಅರ್ಹನು’ ಎಂದು ಹೇಳಿ, ಆ ಮಾತಿನ ಸತ್ಯಕ್ಕೆ ಬದ್ಧನಾಗುವುದು ಇದು. ಮೂರನೆಯದು ದಾನದ ಹೊಣೆ. ಇಲ್ಲಿ ದಾನವೆಂದರೆ ಧರ್ಮ ಕೊಡುವುದೆಂದು ಅರ್ಥವಲ್ಲ. ಕೊಡಬೇಕಾದುದನ್ನು ತುಂಬಿಕೊಡುವುದು ಎಂದರ್ಥ. ಇಲ್ಲಿ ಶಾಸ್ತ್ರಕಾರರು ಗಮನಾರ್ಹವಾದ ಒಂದು ನಿಯಮವನ್ನು ಸೇರಿಸಿದ್ದಾರೆ. ಮೊದಲೆರಡು ಹೊಣೆಗಳು ಹೊಣೆಗಾರನೊಡನೆಯೇ ಮುಗಿಯುತ್ತವೆ. ಮೂರನೆಯದಾದ ತುಂಬಿಕೊಡುವ ಹೊಣೆಯಾದರೋ ತಂದೆ ತೀರಿಸದಿದ್ದಲ್ಲಿ ಮಕ್ಕಳ ತಲೆಯ ಮೇಲೆ ಇಳಿಯುತ್ತದೆ.

ಇದು ಸಾಲದ ವ್ಯವಹಾರಕ್ಕಾಗಿ ಮಾಡಿದ ವಿಂಗಡಣೆ. ಆದರೂ ಮನುಷ್ಯನು ತಾನು ಮಾಡಿದ ಕಾರ್ಯಕ್ಕೆ ತಾನೇ ಹೊಣೆಗಾರನಾಗುವಾಗಲೂ ಇದೇ ಮೂರು ಮೆಟ್ಟಿಲುಗಳು ಬರುತ್ತವೆ. ತಪ್ಪು ನಡೆದ ಸ್ಥಳದಿಂದ ಓಡಿಹೋಗದೆ ಎದುರಿಗೆ ನಿಲ್ಲುವುದು ದರ್ಶನ. ನಡೆದುದನ್ನು ಇದ್ದಂತೆ ಹೇಳುವುದು ಪ್ರತ್ಯಯ. ಕೆಟ್ಟುದನ್ನು ಕೈಲಾದಮಟ್ಟಿಗೆ ಸರಿಪಡಿಸಿ ತುಂಬಿಕೊಡುವುದು ದಾನ. ಮೊದಲನೆಯದನ್ನು ಮಾಡುವವರು ಕೆಲವರು, ಎರಡನೆಯದನ್ನು ಮಾಡುವವರು ಅವರಲ್ಲಿಯೂ ಕೆಲವರು. ‘ತಪ್ಪಾಯಿತು’ ಎಂದು ಕೈಮುಗಿದೊಡನೆ ಎಲ್ಲವೂ ಮುಗಿಯಿತೆಂದು ಭಾವಿಸಿ ಮೂರನೆಯ ಮೆಟ್ಟಿಲನ್ನು ಹತ್ತದೆ ಹಿಂದಿರುಗುವವರೇ ಬಹಳ. ಹಾಗೆ ಬಿಟ್ಟುಹೋದ ಮೂರನೆಯ ಮೆಟ್ಟಿಲೇ ಮಕ್ಕಳ ಪಾಲಿಗೆ ಬರುವುದು.

ನೆಪಗಳ ಪರೀಕ್ಷೆ

ಹೊಣೆಯಿಂದ ಜಾರಿಕೊಳ್ಳಲು ಮನುಷ್ಯನು ಹೂಡುವ ನೆಪಗಳನ್ನು ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ನಿಷ್ಠುರವಾಗಿ ಒರೆಗೆ ಹಚ್ಚಿದ್ದಾನೆ. ಯಶೋಧರನು ಪ್ರಾಣಿವಧೆಯನ್ನು ಒಪ್ಪದ ಅರಸು. ಆದರೂ ತಾಯಿ ಚಂದ್ರಮತಿಯು ಬಲಿಕೊಡಬೇಕೆಂದು ಹಟ ಹಿಡಿದಾಗ, ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಕೊಡುವುದಕ್ಕೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ತಾಯಿಯೂ ಮಗನೂ ಅನೇಕ ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಗೀಡಾಗುತ್ತಾರೆ.

ಯಶೋಧರನ ಬಳಿ ಎರಡು ನೆಪಗಳಿದ್ದವು. ‘ತಾಯಿ ಹೇಳಿದಳು, ಮಾಡಿದೆ’ ಎಂಬುದು ಒಂದು. ‘ನಿಜವಾಗಿ ಯಾರನ್ನೂ ಕೊಲ್ಲಲಿಲ್ಲವಲ್ಲ’ ಎಂಬುದು ಇನ್ನೊಂದು. ಕವಿಯು ಎರಡನ್ನೂ ಒಪ್ಪಲಿಲ್ಲ. ಸಂಕಲ್ಪದಲ್ಲಿ ಹಿಂಸೆಯಿದ್ದ ಮೇಲೆ ಕೋಳಿ ಹಿಟ್ಟಿನದಾದರೇನು? ಆಜ್ಞೆ ಇನ್ನೊಬ್ಬರದಾದರೂ ಕತ್ತಿ ಹಿಡಿದ ಕೈ ಯಾರದು? ‘ಮೇಲಿನವರು ಹೇಳಿದರು’, ‘ಎಲ್ಲರೂ ಮಾಡುತ್ತಾರೆ’, ‘ನನ್ನೊಬ್ಬನಿಂದ ಏನಾದೀತು’ ಎಂದು ಇಂದು ನಾವು ಹೇಳುವ ಮಾತುಗಳೆಲ್ಲ ಯಶೋಧರನ ಆ ಎರಡು ನೆಪಗಳ ಸಂತಾನವೇ ಸರಿ.

ಶರಣರ ದಾರಿ

ಜನ್ನನ ಕಾವ್ಯದಲ್ಲಿ ಮಾಡಿದವನೇ ಉಂಡನು. ಆದರೆ ಮಾಡಿದುದನ್ನು ಇನ್ನೊಬ್ಬರು ಉಣ್ಣುವ ಪ್ರಸಂಗದಲ್ಲಿ ಕರ್ತವ್ಯವೇನೆಂಬುದಕ್ಕೆ ಶರಣರ ಬದುಕಿನಲ್ಲಿ ಉತ್ತರ ದೊರೆಯುತ್ತದೆ. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಪತ್ನಿ ಲಕ್ಕಮ್ಮನವರೊಡನೆ ದಾಸೋಹ ನಡೆಸುತ್ತಿದ್ದ ಶರಣರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು.

ಈ ಕಥೆಯನ್ನು ಆಸೆಯ ನಿಷೇಧವೆಂದು ವಿವರಿಸುವುದು ವಾಡಿಕೆ, ಅದು ಸರಿಯೇ. ಆದರೆ ಹೊಣೆಯ ದೃಷ್ಟಿಯಿಂದಲೂ ಇದು ಪರಿಶೀಲನಾರ್ಹ. ಮಾರಯ್ಯನವರು ಕದ್ದವರಲ್ಲ, ಯಾರೂ ಬಂದು ಕೇಳಿದ್ದಿಲ್ಲ, ಅಕ್ಕಿ ಹೋಗಿದ್ದು ದಾಸೋಹಕ್ಕೆ. ಜವಾಬು ಕೊಡಬೇಕಾದ ಪ್ರಸಂಗವೇ ಇರಲಿಲ್ಲ. ಆದರೂ ಒಬ್ಬರು ಹೆಚ್ಚು ತಂದರೆ ಇನ್ನೊಬ್ಬರಿಗೆ ಕಡಮೆಯಾಗುತ್ತದೆಂಬ ಪರಿಣಾಮವನ್ನು ಲಕ್ಕಮ್ಮನವರು ಕಂಡರು. ಪಶ್ಚಾತ್ತಾಪದ ಮಾತಿಗೆ ತೃಪ್ತರಾಗದೆ ಅಕ್ಕಿಯನ್ನೇ ಹಿಂದಿರುಗಿಸಿದರು. ಮೂರನೆಯ ಮೆಟ್ಟಿಲನ್ನು ಅವರು ಅದೇ ದಿನ, ಅದೇ ಹೆಜ್ಜೆಯಲ್ಲಿ ಹತ್ತಿಸಿದರು.

ಇಲ್ಲಿ ಕರ್ಮಸಿದ್ಧಾಂತದ ಬಗ್ಗೆ ಒಂದು ಮಾತು ಹೇಳಬೇಕು. ಕಷ್ಟದಲ್ಲಿರುವ ನೆರೆಯವನನ್ನು ಕಂಡು ‘ಅದು ಅವನ ಪ್ರಾರಬ್ಧ’ ಎನ್ನುವವರುಂಟು. ತನಗೆ ಒದಗಿದ ದುಃಖವನ್ನು ಧೈರ್ಯದಿಂದ ಸಹಿಸುವುದಕ್ಕೆ ಈ ಮಾತು ಊರುಗೋಲಾದೀತು. ತನ್ನಿಂದ ಇನ್ನೊಬ್ಬನಿಗೆ ಒದಗಿದ ದುಃಖದ ಎದುರು ಇದನ್ನು ಆಡಿದರೆ ಅದೇ ಊರುಗೋಲು ಬಡಿಗೆಯಾಗುತ್ತದೆ. ಹಣೆಬರಹವನ್ನು ನೆಚ್ಚಿ ಕುಳಿತುಕೊಳ್ಳದೆ ಕಾಯಕವನ್ನು ಹಿಡಿದ ಶರಣರು ಇಂಥ ಜಾರುಮಾತಿಗೆ ಎಡೆ ಕೊಡಲಿಲ್ಲ.

ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರ ಪ್ರಸಂಗವೂ ಇಲ್ಲಿ ಸ್ಮರಣೀಯ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ‘ಒಡ್ಡರಾಮ’ನೆಂದು ಕೆಣಕಿದ ಕಥೆಯನ್ನು ಶೂನ್ಯಸಂಪಾದನೆಯು ಹೇಳುತ್ತದೆ. ಪ್ರಭುಗಳ ಆಕ್ಷೇಪ ಕೆರೆಯ ಮೇಲೆ ಇರಲಿಲ್ಲ. ‘ನಾನು ಮಾಡಿದೆ’ ಎಂಬ ಭಾವದ ಮೇಲೆ ಇತ್ತು. ‘ನಾನು ಮಾಡಿದೆ’ ಎಂಬ ಈ ಎರಡು ಮಾತಿಗೆ ಲೋಕದಲ್ಲಿ ಎರಡು ಉಪಯೋಗಗಳಿವೆ. ಒಳ್ಳೆಯದಾದಾಗ ಹೇಳಿದರೆ ಅಹಂಕಾರ. ಕೆಟ್ಟುದಾದಾಗ ಹೇಳಿದರೆ ಹೊಣೆ. ಶರಣರು ಮೊದಲನೆಯದನ್ನು ಬಿಡು, ಎರಡನೆಯದನ್ನು ಹಿಡಿ ಎಂದರು. ಲೋಕವು ಮೊದಲನೆಯದನ್ನು ಕಲ್ಲಿನಲ್ಲಿ ಕೆತ್ತಿಸಿ, ಎರಡನೆಯದನ್ನು ನೀರಿನಲ್ಲಿ ಬರೆಯುತ್ತದೆ.

ಕೆರೆಯ ಪಾಠ

ಕೆರೆಯ ಮಾತು ಬಂದುದರಿಂದ, ಈ ತತ್ತ್ವವನ್ನು ಬೆಂಗಳೂರಿನ ಉತ್ತರ ಭಾಗದ ನೆಲದ ಮೇಲೆ ನಿಲ್ಲಿಸಿ ನೋಡಬಹುದು. ಬೆಂಗಳೂರಿನಲ್ಲಿ ದೊಡ್ಡ ನದಿಯೊಂದು ಹರಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ದಿಣ್ಣೆಯ ಮೇಲೆ ಬಿದ್ದ ಮಳೆಯು ಪಶ್ಚಿಮಕ್ಕೆ ಇಳಿದರೆ ಅರ್ಕಾವತಿಯ ಮೂಲಕ ಕಾವೇರಿಯನ್ನು, ಪೂರ್ವಕ್ಕೆ ಇಳಿದರೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹಾಗೆ ಇಳಿದುಹೋಗುವ ನೀರನ್ನು ಹಂತಹಂತವಾಗಿ ತಡೆದು ಹಿಂದಿನವರು ಕೆರೆಗಳ ಸರಣಿಯನ್ನು ಕಟ್ಟಿದರು. ಯಲಹಂಕ ನಾಡಪ್ರಭುಗಳಾದ ಕೆಂಪೇಗೌಡರ ಮನೆತನದ ಹೆಸರು ಈ ಕಾರ್ಯದೊಡನೆ ಹೆಣೆದುಕೊಂಡಿದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಯಲಹಂಕ, ಅಲ್ಲಾಳಸಂದ್ರಗಳ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಹೆಬ್ಬಾಳದ್ದು ನಾಗವಾರಕ್ಕೆ. ಕಡೆಗೆ ಎಲ್ಲವೂ ದಕ್ಷಿಣ ಪಿನಾಕಿನಿಯ ಕಡೆಗೆ.

ಈ ರಚನೆಯೇ ಒಂದು ನೀತಿಪಾಠ. ಮೇಲಿನವನು ಏನು ಮಾಡಿದರೂ ಅದು ಕೆಳಗಿನವನಿಗೆ ತಲಪುತ್ತದೆ. ಮೇಲಿನವನು ಕಾಲುವೆಯಲ್ಲಿ ಕಸ ತುಂಬಿದರೆ ಕೆಳಗಿನವನ ಗದ್ದೆ ಒಣಗುತ್ತದೆ. ಮೇಲಿನ ಏರಿ ಒಡೆದರೆ ಕೆಳಗಿನ ಊರು ಮುಳುಗುತ್ತದೆ. ಆದುದರಿಂದಲೇ ಪ್ರಾಚೀನರು ಕೆರೆಯನ್ನು ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಕಟ್ಟಿದವರಿಗೆ ಮತ್ತು ಕೆರೆಯನ್ನು ಸುಸ್ಥಿತಿಯಲ್ಲಿ ಇಡುವವರಿಗೆ ಬಿತ್ತುವಟ್ಟವೆಂದು ಭೂಮಿಯನ್ನು ಬಿಟ್ಟ ಸಂಗತಿಯನ್ನು ಶಾಸನಗಳು ಹೇಳುತ್ತವೆ. ತೂಬು ತೆಗೆದು ನೀರು ಹಂಚುವುದಕ್ಕೆ ನೀರುಗಂಟಿಯಿದ್ದನು. ಬೇಸಗೆಯಲ್ಲಿ ಹೂಳು ತೆಗೆದು ಹೊಲಗಳಿಗೆ ಸಾಗಿಸುವುದಕ್ಕೆ ಅಚ್ಚುಕಟ್ಟಿನ ರೈತರಿದ್ದರು. ಕೆರೆಯನ್ನು ಹಾಳುಮಾಡುವುದನ್ನು ಶಾಸನಗಳ ಶಾಪವಾಕ್ಯಗಳು ಮಹಾಪಾತಕಗಳ ಸಾಲಿನಲ್ಲಿ ಸೇರಿಸಿದವು.

ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಇಲ್ಲಿ ನೆನಪಾಗುತ್ತದೆ. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಪೆರ್ಬೊಳಲ್ ನಾಡಿನ ಮೇಲೆ ದಾಳಿ ನಡೆದಾಗ ಎದುರಿಸಿ ನಿಂತು ಮಡಿದವನು ಕಿತ್ತಯ್ಯ. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ಊರಿಗೆ ಪ್ರಾಣವನ್ನೇ ಪೊಣೆಯಾಗಿ ಇತ್ತ ಈತನ ಕಲ್ಲು ಮಣ್ಣಿನಲ್ಲಿ ಮರೆಯಾಗಿದ್ದು, 2018ರಲ್ಲಿ ಕಾಮಗಾರಿಗಾಗಿ ನೆಲವನ್ನು ಅಗೆದಾಗ ಬೆಳಕಿಗೆ ಬಂದಿತು. ಸಾರ್ವಜನಿಕರ ನೆರವಿನಿಂದ ಅದಕ್ಕೊಂದು ಮಂಟಪವೂ ಆಯಿತು. ಕಲ್ಲಿನ ಋಣವನ್ನು ಊರು ಇಷ್ಟುಮಟ್ಟಿಗಾದರೂ ತೀರಿಸಿತು. ನೀರಿನ ಋಣ ಇನ್ನೂ ಉಳಿದಿದೆ.

1894ರಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯ ಸಿದ್ಧವಾಗಿ ಕೊಳಾಯಿಯ ನೀರು ನಗರಕ್ಕೆ ಬರತೊಡಗಿತು. 1974ರಲ್ಲಿ ಕಾವೇರಿಯ ನೀರು ಬಂದಿತು. ಜನರಿಗೆ ಉಪಕಾರವಾದದ್ದು ನಿಜ. ಆದರೆ ಮನೆಗೆ ನೀರು ಕೊಳಾಯಿಯಲ್ಲಿ ಬರುವಾಗ ಕೆರೆಯ ಅಗತ್ಯ ಕಾಣದಾಯಿತು. ಅಗತ್ಯ ಕಾಣದಾದಾಗ ಹೊಣೆಯೂ ಕಾಣದಾಯಿತು. ಬಳಸಿದ ನೀರು ಮತ್ತೆ ಕೆರೆಗೇ ಇಳಿಯುತ್ತದೆಂಬುದನ್ನು ಯಾರೂ ಯೋಚಿಸಲಿಲ್ಲ. ಬೆಂಗಳೂರಿನ ಕೆರೆಗಳ ಸಂರಕ್ಷಣೆಗಾಗಿ ಸರ್ಕಾರವು 1985ರಲ್ಲಿಯೇ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಆದುದರಿಂದ ‘ಗೊತ್ತಿರಲಿಲ್ಲ’ ಎಂಬ ನೆಪ ನಮ್ಮ ತಲೆಮಾರಿಗೆ ಸಲ್ಲುವುದಿಲ್ಲ.

ಫಲವನ್ನು ಉಂಡವರು ಯಾರು? 2021ರ ನವೆಂಬರಿನಲ್ಲಿಯೂ ಮತ್ತೆ 2024ರ ಅಕ್ಟೋಬರಿನಲ್ಲಿಯೂ ಮಳೆನೀರು ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನುಗ್ಗಿ, ಅಲ್ಲಿನ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ದುಡಿಮೆಯ ಹಣ ಕೂಡಿಟ್ಟು ಮನೆ ಮಾಡಿಕೊಂಡ ವೃದ್ಧರು, ಪರೀಕ್ಷೆಗೆ ಓದುತ್ತಿದ್ದ ಮಕ್ಕಳು, ಎದೆಹಾಲಿನ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಇಂಥ ಹೊತ್ತಿನಲ್ಲಿ ಪಡುವ ಪಾಡನ್ನು ಊಹಿಸುವುದು ಕಷ್ಟವಲ್ಲ. ರಾಜಕಾಲುವೆಯನ್ನು ಕಿರಿದುಮಾಡಿದವರು ಯಾರು, ಕಸ ಸುರಿದವರು ಯಾರು, ಕೆರೆಯಂಗಳದಲ್ಲಿ ಕಟ್ಟಲು ಒಪ್ಪಿಗೆ ಕೊಟ್ಟವರು ಯಾರು, ಕಂಡೂ ಸುಮ್ಮನಿದ್ದವರು ಯಾರು ಎಂದು ಹುಡುಕಹೊರಟರೆ ಒಬ್ಬರ ಬೆರಳು ಇನ್ನೊಬ್ಬರ ಕಡೆಗೆ ತಿರುಗುತ್ತದೆ. ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿದಾಗ ಯಾರೂ ಮಾಡಿಲ್ಲವೆಂದು ತೋರುವುದು ನಗರಜೀವನದ ಮಾಯೆ. ನೀರಿಗೆ ಆ ಮಾಯೆ ತಿಳಿಯದು. ಅದು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ತಗ್ಗಿನಲ್ಲಿರುವವನು ಮೇಲಿನವರೆಲ್ಲರ ಲೆಕ್ಕವನ್ನು ಒಬ್ಬನೇ ತೀರಿಸಬೇಕಾಗುತ್ತದೆ.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಸುಮಾರು 160 ಎಕರೆ ವಿಸ್ತಾರವಾದ ಜಕ್ಕೂರು ಕೆರೆಯಲ್ಲಿ ಮೂರನೆಯ ಮೆಟ್ಟಿಲನ್ನು ಹತ್ತಿದ ಪ್ರಯತ್ನವೊಂದು ಕಾಣುತ್ತದೆ. ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆನೀರನ್ನು ಶುದ್ಧಗೊಳಿಸಲು ಕೆರೆಯ ಮೇಲ್ಭಾಗದಲ್ಲಿ ಘಟಕವೊಂದನ್ನು ಕಟ್ಟಲಾಯಿತು. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ ಜೊಂಡು ಮೊದಲಾದ ಗಿಡಗಳು ಬೆಳೆದ ಜೌಗುಪ್ರದೇಶವೊಂದನ್ನು ಹಾದುಹೋಗುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳನ್ನು ಆ ಗಿಡಗಳು ಆಹಾರವಾಗಿ ಹೀರಿಕೊಳ್ಳುತ್ತವೆ; ತೇಲುವ ಕಲ್ಮಷ ಅಲ್ಲಿಯೇ ತಂಗುತ್ತದೆ. ತಿಳಿಯಾದ ನೀರು ಕೆರೆಯನ್ನು ಸೇರಿ, ವರ್ಷವಿಡೀ ನಿಂತು, ಸುತ್ತಣ ಬಾವಿಗಳಿಗೂ ಇಂಗುತ್ತದೆ. ಮೀನುಗಾರರಿಗೆ ಕಸುಬು ಉಳಿದಿದೆ. ಹಕ್ಕಿಗಳಿಗೆ ನೆಲೆ ದೊರೆತಿದೆ. ಕೆರೆಯನ್ನು ನೋಡಿಕೊಳ್ಳಲು 2015ರಲ್ಲಿ ನಿವಾಸಿಗಳೇ ‘ಜಲಪೋಷಣ್’ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಶುದ್ಧವಾಗದ ನೀರು ನುಗ್ಗಿ ಕೆರೆ ನೊಂದದ್ದೂ ಉಂಟು. ಅಂಥ ಹೊತ್ತಿನಲ್ಲಿ ಹೋಗಿ ನೋಡುವವರು, ಕೇಳುವವರು ಇದ್ದಾರೆಂಬುದೇ ವಿಶೇಷ. ಹಿಂದಿನ ನೀರುಗಂಟಿಯ ಸ್ಥಾನವನ್ನು ಹೊಸ ಕಾಲದ ನೆರೆಹೊರೆಯವರು ತುಂಬಿದ್ದಾರೆ.

ನಮ್ಮ ಕಾರ್ಯದ ಪರಿಣಾಮ ನಮ್ಮ ಊರಿನ ಗಡಿಯಲ್ಲಿ ನಿಲ್ಲುವುದೂ ಇಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧಗೊಳಿಸಿ, ದಿನಕ್ಕೆ 21 ಕೋಟಿ ಲೀಟರಿನಷ್ಟನ್ನು ಚಿಕ್ಕಬಳ್ಳಾಪುರ ಮೊದಲಾದ ಕಡೆಗಳ 65 ಕೆರೆಗಳಿಗೆ ಹರಿಸುವುದು ಸರ್ಕಾರದ ಯೋಜನೆ. ಬರದ ನಾಡಿನ ಕೆರೆಗಳು ಇದರಿಂದ ತುಂಬಿವೆ. ಅಂತರ್ಜಲ ಮೇಲೆ ಬಂದಿದೆಯೆಂದು ಸಂತೋಷಪಟ್ಟವರಿದ್ದಾರೆ. ಅಂತೆಯೇ ಮೂರನೆಯ ಹಂತದ ಶುದ್ಧೀಕರಣವಾಗದೆ ಈ ನೀರನ್ನು ಕೊಡಬಾರದೆಂದು ಅಲ್ಲಿನವರು ಒತ್ತಾಯಿಸುತ್ತ ಬಂದಿದ್ದಾರೆ. ಹೆಬ್ಬಾಳದ ಒಂದು ಮನೆಯ ಬಚ್ಚಲಿನಲ್ಲಿ ಸುರಿದ ರಾಸಾಯನಿಕವು ಕಾಣದ ರೈತನೊಬ್ಬನ ಬಾವಿಯ ಪ್ರಶ್ನೆಯಾಗುತ್ತದೆ. ಆತನು ಇಲ್ಲಿಗೆ ಬಂದು ಬಾಗಿಲು ತಟ್ಟಿ ಜವಾಬು ಕೇಳಲಾರನು. ಹೊಣೆಯೆಂಬುದು ಇರುವುದು ಇಂಥವನಿಗಾಗಿಯೇ.

ವಿದ್ಯಾಲಯದ ಪಾಲು

ಮಠಮಾನ್ಯಗಳು ಅನ್ನದೊಡನೆ ಅಕ್ಷರವನ್ನೂ ದಾಸೋಹವಾಗಿ ನೀಡುತ್ತ ಬಂದಿವೆ. ಅಂಥ ವಿದ್ಯಾಲಯದಲ್ಲಿ ಹೊಣೆಯನ್ನು ಕಲಿಸುವುದು ಹೇಗೆ? ಆಟವಾಡುತ್ತಿದ್ದ ಬಾಲಕನ ಚೆಂಡು ತಗುಲಿ ಕಿಟಕಿಯ ಗಾಜು ಒಡೆಯಿತೆನ್ನೋಣ. ‘ಯಾರು ಒಡೆದವರು?’ ಎಂದು ಬೆತ್ತ ಹಿಡಿದು ಗದರಿಸಿದರೆ ತರಗತಿಯೆಲ್ಲ ಮೌನ. ಬೆತ್ತದಿಂದ ಬಾಲಕನು ಕಲಿಯುವುದು ಅಡಗಿಕೊಳ್ಳುವುದನ್ನು. ಏನನ್ನೂ ಕೇಳದೆ ಬಿಟ್ಟುಬಿಟ್ಟರೆ ಆತನು ಕಲಿಯುವುದು ಒಡೆದ ಗಾಜು ತಾನಾಗಿ ಕೂಡಿಕೊಳ್ಳುತ್ತದೆ ಎಂಬುದನ್ನು. ಈ ಎರಡರ ನಡುವೆ ಹಿಂದೆ ಹೇಳಿದ ಮೂರು ಮೆಟ್ಟಿಲುಗಳಿವೆ. ಓಡಿಹೋಗದೆ ನಿಂತವನನ್ನು ಮೆಚ್ಚಬೇಕು. ನಿಜ ಹೇಳಿದವನಿಗೆ ಅವಮಾನ ಮಾಡಬಾರದು. ಅನಂತರ ಆತನ ಕೈಯಿಂದಲೇ ಚೂರುಗಳನ್ನು ಜೋಪಾನವಾಗಿ ಗುಡಿಸಿಸಿ, ಹೊಸ ಗಾಜು ಕೂರಿಸುವ ದಿನ ಆತನು ಹತ್ತಿರ ನಿಂತು ಸಹಾಯ ಮಾಡುವಂತೆ ನೋಡಿಕೊಳ್ಳಬೇಕು. ಶಿಕ್ಷೆಯೂ ಕ್ಷಮೆಯೂ ಕಲಿಸಲಾರದುದನ್ನು ದುರಸ್ತಿ ಕಲಿಸುತ್ತದೆ. ಉಪಾಧ್ಯಾಯರೇ ತಮ್ಮ ತಪ್ಪೊಂದನ್ನು ಕರಿಹಲಗೆಯ ಮೇಲೆ ಮಕ್ಕಳೆದುರಿಗೆ ತಿದ್ದಿಕೊಂಡರೆ ಆ ಪಾಠ ಇನ್ನೂ ಆಳಕ್ಕೆ ಇಳಿಯುತ್ತದೆ.

ಸಂಸ್ಥೆಗಳ ಹಿರಿಯರ ಮೇಲಿನ ಹೊಣೆ ಇದಕ್ಕಿಂತ ಹೆಚ್ಚಿನದು. 1956ರ ನವೆಂಬರಿನಲ್ಲಿ ಅರಿಯಲೂರಿನಲ್ಲಿ ರೈಲು ದುರಂತ ಸಂಭವಿಸಿದಾಗ, ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಗಳು ರಾಜೀನಾಮೆಯಿತ್ತರು. ಅವರು ರೈಲನ್ನು ಓಡಿಸಿದವರಲ್ಲ; ಆದರೂ ತನ್ನ ಇಲಾಖೆಯಲ್ಲಿ ಆದುದು ತನ್ನದೆಂದು ಎದುರಿಗೆ ನಿಂತರು. ಕೈಕೆಳಗಿನವನ ಮೇಲೆ ತಪ್ಪನ್ನು ಇಳಿಸಿ ತಾನು ಮೇಲೆ ಉಳಿಯುವುದು ಸುಲಭವಾಗಿರುವ ಲೋಕದಲ್ಲಿ ಇದು ದೊಡ್ಡ ಮಾತು. ಆದರೂ ಪದವಿ ಬಿಡುವುದು ಮೊದಲ ಮೆಟ್ಟಿಲೇ ಹೊರತು ಕಡೆಯದಲ್ಲ. ದುರಂತ ಮರುಕಳಿಸದಂತೆ ಸೇತುವೆಯನ್ನು ಗಟ್ಟಿಮಾಡುವ ಕೆಲಸ ಆಮೇಲೂ ಉಳಿದೇ ಇರುತ್ತದೆ.

ಹಳೆಯ ವಿದ್ಯಾರ್ಥಿಗಳು ಇಂದು ಅಧಿಕಾರಿಗಳಾಗಿ, ಗುತ್ತಿಗೆದಾರರಾಗಿ, ವೈದ್ಯರಾಗಿ, ಉದ್ಯಮಿಗಳಾಗಿ ಮೇಲಿನ ಕೆರೆಯ ಸ್ಥಾನದಲ್ಲಿದ್ದಾರೆ. ಅವರು ಹಾಕುವ ಒಂದು ಸಹಿ, ಕಟ್ಟುವ ಒಂದು ಗೋಡೆ, ಹರಿಸುವ ಒಂದು ಕೊಳಾಯಿ ಯಾವ ಕೆಳಗಿನ ಕೆರೆಗೆ ಹೋಗಿ ಸೇರುತ್ತದೆಂದು ಒಮ್ಮೆ ಕಣ್ಣಾಡಿಸುವುದು ಅವರು ಗುರುಗಳಿಗೆ ಸಲ್ಲಿಸಬಹುದಾದ ನಿಜವಾದ ಕಾಣಿಕೆ.

ದಾನಿಗಳ ಔದಾರ್ಯದಿಂದ ವಿದ್ಯಾಲಯಗಳ ಗೋಡೆಗಳು ಮೇಲೆದ್ದಿವೆ. ಅವರ ಹೆಸರುಗಳು ಕಲ್ಲಿನಲ್ಲಿ ಕೆತ್ತಲ್ಪಟ್ಟಿರುವುದು ಕೃತಜ್ಞತೆಯ ಲಕ್ಷಣವಾಗಿದ್ದು ಯುಕ್ತವೇ ಆಗಿದೆ. ಆದರೆ ಕೆರೆ ಕಟ್ಟಿಸಿದ ಹಿಂದಿನ ದಾನಿಗಳು ಹೆಸರಿನ ಕಲ್ಲಿನೊಡನೆ ಬಿತ್ತುವಟ್ಟದ ಭೂಮಿಯನ್ನೂ ಬಿಟ್ಟುಹೋದರೆಂಬುದನ್ನು ಮರೆಯಬಾರದು. ಕಟ್ಟಡವನ್ನು ಕಟ್ಟಿಸುವಷ್ಟೇ ಅದರ ಸೋರುವ ಸೂರನ್ನು ಮುಂದಿನ ಮಳೆಗಾಲಕ್ಕೆ ಮುಚ್ಚಿಸುವುದೂ ದಾನವೇ. ಸೂರು ಮುಚ್ಚಿಸಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಬರೆಯುವುದಿಲ್ಲ. ಅಲ್ಲಮಪ್ರಭುಗಳು ಕೆಣಕಿದ ‘ನಾನು ಮಾಡಿದೆ’ ಎಂಬ ಭಾವಕ್ಕೆ ಅಲ್ಲಿ ಎಡೆಯೂ ಇಲ್ಲ.

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದನ್ನು ಇನ್ನೊಬ್ಬರಿಗೆ ಶಾಪವಾಗಿ ಹೇಳುವವರು ಬಹಳ. ಅದನ್ನು ತನಗೆ ತಾನೇ ವ್ರತವಾಗಿ ಹೇಳಿಕೊಂಡವನು, ತಾನು ಮಾಡಿದುದನ್ನು ಇನ್ನೊಬ್ಬನ ಎಲೆಗೆ ಬಡಿಸಲಾರನು. ತಪ್ಪಿ ಬಡಿಸಿದ್ದರೆ ಹೋಗಿ ಎತ್ತಿಕೊಂಡು ಬರುವನು. ಲಕ್ಕಮ್ಮನವರು ಮಾರಯ್ಯನವರನ್ನು ಹಿಂದಕ್ಕೆ ಕಳುಹಿಸಿದ್ದು ಇದಕ್ಕಾಗಿಯೇ. ತೀರಿಸದೆ ಬಿಟ್ಟ ಹೊಣೆ ಮಕ್ಕಳಿಗೆ ಇಳಿಯುತ್ತದೆಂದು ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಮಾತು ಇಂದು ಯಲಹಂಕದ ಕಾಲುವೆಗಳಲ್ಲಿ ಹರಿಯುತ್ತಿದೆ. ಆ ಮಕ್ಕಳು ಬೇರೆಲ್ಲಿಯೂ ಇಲ್ಲ. ಈಗ ಪ್ರಾರ್ಥನೆಯ ಗಂಟೆಗೆ ಸಾಲಾಗಿ ನಿಂತಿರುವವರೇ ಅವರು. ಅವರ ತಲೆಯ ಮೇಲೆ ನಮ್ಮ ಬಾಕಿ ಇಳಿಯದಂತೆ ನಮ್ಮ ಕಾಲದಲ್ಲಿಯೇ ತೀರಿಸುವ ಬುದ್ಧಿಯನ್ನೂ ಬಲವನ್ನೂ ಗುರುಬಸವಣ್ಣನವರು ಎಲ್ಲರಿಗೂ ಕರುಣಿಸಲಿ.